ಕುಟುಂಬದೊಂದಿಗೆ ಪೋಲೆಂಡಿನ ಐತಿಹಾಸಿಕ ತಾಣಗಳನ್ನು ನೋಡುವ ಬಗೆ

ಪೋಲೆಂಡಿಗೆ ಕುಟುಂಬ ಸಮೇತ ಹೊರಡುವವರು ಎಷ್ಟು ಊರುಗಳನ್ನು ನೋಡಬೇಕು ಎಂಬುದಕ್ಕಿಂತ ಅವುಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಮೊದಲು ತೀರ್ಮಾನಿಸುವುದು ಒಳ್ಳೆಯದು. ದಕ್ಷಿಣದ ಕ್ರಾಕೋವ್ ಮಧ್ಯಯುಗದ ರಾಜಧಾನಿ. ಮೂರನೆಯ ಸಿಗಿಸ್ಮಂಡ್ ರಾಜನು 1596ರ ಸುಮಾರಿಗೆ ತನ್ನ ಆಸ್ಥಾನವನ್ನು ಸಾಗಿಸತೊಡಗಿದ ವಾರ್ಸಾ ಅದರ ನಂತರದ ರಾಜಧಾನಿ. ಬಾಲ್ಟಿಕ್ ತೀರದ ಗ್ಡಾನ್ಸ್ಕ್, ಎರಡನೆಯ ಮಹಾಯುದ್ಧದ ಮೊದಲ ಗುಂಡುಗಳು ಹಾರಿದ ಮತ್ತು 1980ರಲ್ಲಿ ಸಾಲಿಡಾರಿಟಿ ಕಾರ್ಮಿಕ ಚಳವಳಿ ಹುಟ್ಟಿದ ಬಂದರು. ಹೀಗೆ ದಕ್ಷಿಣದಿಂದ ಉತ್ತರಕ್ಕೆ ಸಾಗಿದರೆ ಮಕ್ಕಳಿಗೆ ಕಾಲಾನುಕ್ರಮವನ್ನು ಬೇರೆಯಾಗಿ ಪಾಠ ಮಾಡಬೇಕಾಗುವುದಿಲ್ಲ, ಪ್ರಯಾಣವೇ ಅದನ್ನು ಹೇಳುತ್ತದೆ. ಆದ್ದರಿಂದ ಸಾಧ್ಯವಾದರೆ ವಿಮಾನದಲ್ಲಿ ಕ್ರಾಕೋವ್‌ಗೆ ಬಂದಿಳಿದು ಗ್ಡಾನ್ಸ್ಕ್‌ನಿಂದ ಮರಳುವಂತೆ ಟಿಕೆಟ್ ಕಾಯ್ದಿರಿಸಿ. ಹೋಗಿ ಬರುವುದು ವಾರ್ಸಾ ಮೂಲಕವೇ ಎಂದಾದರೆ, ಇಳಿದ ದಿನವೇ ರೈಲು ಹಿಡಿದು ಕ್ರಾಕೋವ್ ಸೇರಿ ಅಲ್ಲಿಂದ ಆರಂಭಿಸಬಹುದು.

ಇನ್ನೊಂದು ಸಿದ್ಧತೆ ಮನೆಯಲ್ಲಿಯೇ ಆಗಬೇಕಾದದ್ದು. ಪ್ರತಿ ಕಟ್ಟಡದ ಮುಂದೆ ನಿಂತಾಗ "ಇದು ಮೂಲದ್ದೋ, ಮತ್ತೆ ಕಟ್ಟಿದ್ದೋ?" ಎಂಬ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿ. ಯುರೋಪಿನ ಬೇರೆ ಎಷ್ಟೋ ದೇಶಗಳಲ್ಲಿ ಈ ಪ್ರಶ್ನೆಗೆ ಅಷ್ಟು ಮಹತ್ವವಿರಲಾರದು. ಪೋಲೆಂಡಿನಲ್ಲಿ ಮಾತ್ರ ಇದೇ ಪ್ರಶ್ನೆ ಚರಿತ್ರೆಯೊಳಕ್ಕೆ ಹೋಗುವ ಬಾಗಿಲು, ಏಕೆಂದರೆ ಕ್ರಾಕೋವ್ ಯುದ್ಧದಲ್ಲಿ ಬಹುಮಟ್ಟಿಗೆ ಉಳಿದುಕೊಂಡಿತು, ವಾರ್ಸಾ ನೆಲಸಮವಾಯಿತು, ಗ್ಡಾನ್ಸ್ಕ್‌ನ ಹಳೆಯ ಕೇಂದ್ರಭಾಗ 1945ರಲ್ಲಿ ಸುಟ್ಟುಹೋಯಿತು, ಮತ್ತು ನಾಶವಾದದ್ದನ್ನು ಅಲ್ಲಿನ ಜನ ಇಟ್ಟಿಗೆ ಇಟ್ಟಿಗೆಯಾಗಿ ಮರಳಿ ಎಬ್ಬಿಸಿದರು. ಹತ್ತು ವರ್ಷದ ಮಗುವಿಗೂ ಈ ಪ್ರಶ್ನೆ ಹಿಡಿಸುತ್ತದೆ, ಉತ್ತರವನ್ನು ಅದು ತಾನೇ ಗೋಡೆಯ ಮೇಲೆ ಹುಡುಕಬಲ್ಲದು.

ಹೊರಡುವ ಮುನ್ನ

ಪೋಲೆಂಡ್ ಷೆಂಗೆನ್ ವಲಯಕ್ಕೆ ಸೇರಿರುವುದರಿಂದ ಭಾರತದ ಪಾಸ್‌ಪೋರ್ಟ್ ಹೊಂದಿರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣದ ದಿನಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವ ಕುಟುಂಬಗಳು ಸಂದರ್ಶನದ ದಿನಾಂಕಕ್ಕಾಗಿ ಆದಷ್ಟು ಬೇಗ ಪ್ರಯತ್ನಿಸುವುದು ಕ್ಷೇಮ. ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಆರು ತುಂಬದ ಮಕ್ಕಳಿಗೆ ಶುಲ್ಕವಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು.

ದೇಶ ಐರೋಪ್ಯ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವುದು ಯೂರೋ ಅಲ್ಲ, ಝ್ವೊಟಿ. ಕಾರ್ಡ್ ಎಲ್ಲೆಡೆ ನಡೆಯುತ್ತದೆ ಎನ್ನುವಷ್ಟು ಸಾಮಾನ್ಯ. ಯಂತ್ರವು ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದಾಗ ಬೇಡವೆಂದು ಝ್ವೊಟಿಯನ್ನೇ ಆರಿಸಿಕೊಳ್ಳಿ, ಇಲ್ಲವಾದರೆ ವಿನಿಮಯದ ದರದಲ್ಲಿ ನಷ್ಟವಾಗುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಮಕ್ಕಳಿಗೂ ಹಿರಿಯರಿಗೂ ಅನುಕೂಲ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ.

ವಾರದ ದಿನಗಳ ಲೆಕ್ಕವನ್ನು ಕಡೆಗಣಿಸಬೇಡಿ. ಹೆಚ್ಚಿನ ಮ್ಯೂಸಿಯಮ್‌ಗಳಿಗೆ ಸೋಮವಾರ ರಜೆ, ಆದರೆ ವಾರ್ಸಾದ ದಂಗೆಯ ಮ್ಯೂಸಿಯಮ್ ಮತ್ತು ಯಹೂದಿಗಳ ಚರಿತ್ರೆಯ ಪೋಲಿನ್ ಮ್ಯೂಸಿಯಮ್ ಮುಚ್ಚುವುದು ಮಂಗಳವಾರ. 2018ರಲ್ಲಿ ಜಾರಿಗೆ ಬಂದ ಕಾನೂನಿನಿಂದಾಗಿ ಬಹುಪಾಲು ಭಾನುವಾರಗಳಂದು ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಹೋಟೆಲುಗಳೂ ಮ್ಯೂಸಿಯಮ್‌ಗಳೂ ತೆರೆದಿರುತ್ತವೆ. ಹಾಲು, ಹಣ್ಣು, ಮಕ್ಕಳ ತಿಂಡಿಯನ್ನು ಶನಿವಾರವೇ ಕೊಂಡಿಟ್ಟುಕೊಳ್ಳಿ. ಚರ್ಚುಗಳಲ್ಲಿ ಪೂಜೆ ನಡೆಯುವ ಹೊತ್ತಿನಲ್ಲಿ ಪ್ರವಾಸಿಗರಿಗೆ ಪ್ರವೇಶವಿರುವುದಿಲ್ಲವಾದ್ದರಿಂದ ಭಾನುವಾರ ಬೆಳಿಗ್ಗೆಯನ್ನು ಬೀದಿ, ಉದ್ಯಾನ, ನದಿತೀರಗಳಿಗೆ ಮೀಸಲಿಡುವುದು ಉತ್ತಮ.

ಮೂರು ಊರುಗಳ ನಡುವಿನ ಸಂಚಾರಕ್ಕೆ ರೈಲೇ ಯೋಗ್ಯ. ಕ್ರಾಕೋವ್‌ನಿಂದ ವಾರ್ಸಾಕ್ಕೆ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ವಾರ್ಸಾದಿಂದ ಗ್ಡಾನ್ಸ್ಕ್‌ಗೆ ಸುಮಾರು ಮೂರು ಗಂಟೆ. ಪಿಕೆಪಿ ಇಂಟರ್‌ಸಿಟಿ ಸಂಸ್ಥೆಯ ಪೆಂಡೊಲಿನೊ ರೈಲುಗಳಲ್ಲಿ ಆಸನ ಕಾಯ್ದಿರಿಸುವುದು ಕಡ್ಡಾಯ, ಮುಂಚಿತವಾಗಿ ಕೊಂಡರೆ ದರವೂ ಇಳಿಯುತ್ತದೆ. ಮಕ್ಕಳ ಜೊತೆ ಪ್ರಯಾಣಿಸುವವರಿಗೆ ಕುಟುಂಬ ಟಿಕೆಟ್ ಎಂಬ ರಿಯಾಯಿತಿಯಿದೆ. ಮ್ಯೂಸಿಯಮ್‌ಗಳಲ್ಲೂ ಅಂಥದ್ದೇ ಟಿಕೆಟ್ ಸಿಗುವುದುಂಟು, ಕೌಂಟರಿನಲ್ಲಿ ಕೇಳಿ ಪಡೆಯಿರಿ. ಟ್ರಾಮ್ ವಿಷಯದಲ್ಲಿ ಒಂದು ಎಚ್ಚರಿಕೆ: ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಹತ್ತಿದ ಕೂಡಲೇ ಒಳಗಿನ ಸಣ್ಣ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ ತೆರಬೇಕಾಗುತ್ತದೆ.

ಕ್ರಾಕೋವ್: ಉಳಿದುಕೊಂಡ ರಾಜಧಾನಿ

ಒಟ್ಟು ಹತ್ತು ದಿನಗಳಿದ್ದರೆ ನಾಲ್ಕನ್ನು ಇಲ್ಲಿಗೇ ಕೊಡಿ. ಯುನೆಸ್ಕೋ 1978ರಲ್ಲಿ ವಿಶ್ವ ಪರಂಪರೆಯ ತಾಣಗಳ ಮೊಟ್ಟಮೊದಲ ಪಟ್ಟಿಯನ್ನು ಪ್ರಕಟಿಸಿದಾಗ ಅದರಲ್ಲಿದ್ದ ಹನ್ನೆರಡು ಸ್ಥಳಗಳಲ್ಲಿ ಕ್ರಾಕೋವ್‌ನ ಹಳೆಯ ಊರು ಒಂದು, ಹತ್ತಿರದ ವಿಯೆಲಿಚ್ಕಾ ಉಪ್ಪಿನ ಗಣಿ ಇನ್ನೊಂದು. ಮಂಗೋಲರು 1241ರಲ್ಲಿ ಊರನ್ನು ಹಾಳುಗೆಡವಿದ ಮೇಲೆ 1257ರಲ್ಲಿ ಹೊಸದಾಗಿ ಅಳೆದು ಹಾಕಿದ ಬೀದಿಗಳ ವಿನ್ಯಾಸವೇ ಇಂದಿಗೂ ಉಳಿದಿದೆ. ಮಧ್ಯದ ಮಾರುಕಟ್ಟೆ ಚೌಕದ ಒಂದೊಂದು ಬದಿ ಸುಮಾರು 200 ಮೀಟರ್. ಹಳೆಯ ಕೋಟೆಗೋಡೆ ಇದ್ದ ಜಾಗದಲ್ಲಿ ಈಗ ಊರನ್ನು ಸುತ್ತುವರಿದ ಉದ್ಯಾನದ ಪಟ್ಟಿಯಿದೆ. ಮೊದಲ ದಿನ, ದೂರದ ಪ್ರಯಾಣದ ಆಯಾಸವಿರುವಾಗ, ಈ ನೆರಳಿನ ದಾರಿಯಲ್ಲಿ ಒಂದು ಸುತ್ತು ಹಾಕಿದರೆ ಊರಿನ ಆಕಾರ ಎಲ್ಲರ ಮನಸ್ಸಿನಲ್ಲಿ ಕೂರುತ್ತದೆ.

ಚೌಕದಲ್ಲಿ ಸಂತ ಮೇರಿ ಬೆಸಿಲಿಕಾದ ಎದುರು ಯಾವುದೇ ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಮೊದಲೇ ಬಂದು ನಿಲ್ಲಿ. ಎತ್ತರದ ಗೋಪುರದ ಕಿಟಕಿಯೊಂದು ತೆರೆದುಕೊಂಡು, ತುತ್ತೂರಿಯ ಹಿತ್ತಾಳೆ ಬಾಯಿ ಬಿಸಿಲಿಗೆ ಮಿಂಚಿ, ಒಂದು ಚಿಕ್ಕ ರಾಗ ಕೇಳಿಬರುತ್ತದೆ. ಅದು ಮುಗಿಯುವ ಮೊದಲೇ ನಡುವೆ ತಟ್ಟನೆ ನಿಂತುಬಿಡುತ್ತದೆ. ಆಮೇಲೆ ಬೇರೊಂದು ದಿಕ್ಕಿನ ಕಿಟಕಿಯಿಂದ ಅದೇ ರಾಗ, ಅದೇ ಜಾಗದಲ್ಲಿ ತುಂಡು. ದಾಳಿಯ ಸುಳಿವು ಕೊಡುತ್ತಿದ್ದ ಕಾವಲುಗಾರನ ಕೊರಳಿಗೆ ಬಾಣ ನಾಟಿದ್ದರಿಂದ ರಾಗ ಅಲ್ಲಿಗೇ ನಿಂತಿತೆಂಬುದು ಐತಿಹ್ಯ. ಹಗಲು ರಾತ್ರಿಯೆನ್ನದೆ ಗಂಟೆಗೊಮ್ಮೆ ಇದನ್ನು ನುಡಿಸುವವರು ನಗರದ ಅಗ್ನಿಶಾಮಕ ದಳದವರು, ಮಧ್ಯಾಹ್ನ ಹನ್ನೆರಡರ ನುಡಿತವನ್ನು ರೇಡಿಯೋ ದೇಶಕ್ಕೆಲ್ಲ ಪ್ರಸಾರ ಮಾಡುತ್ತದೆ. ಹನ್ನೆರಡಕ್ಕೆ ತುಸು ಮುಂಚೆ ಚರ್ಚಿನೊಳಗೆ ಇದ್ದರೆ, ವೈಟ್ ಷ್ಟೋಸ್ ಎಂಬ ಶಿಲ್ಪಿ 1477ರಿಂದ 1489ರವರೆಗೆ ಕೆತ್ತಿದ ಮರದ ಮಹಾವೇದಿಕೆಯ ರೆಕ್ಕೆಗಳು ತೆರೆದುಕೊಳ್ಳುವುದನ್ನೂ ನೋಡಬಹುದು. ಯುದ್ಧಕಾಲದಲ್ಲಿ ನಾಜಿಗಳು ಜರ್ಮನಿಗೆ ಸಾಗಿಸಿದ್ದ ಈ ವೇದಿಕೆ 1946ರಲ್ಲಿ ಮರಳಿ ಬಂತು ಎಂಬುದನ್ನು ಮಕ್ಕಳಿಗೆ ಹೇಳಿ. ಅವರ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಸ್ವಲ್ಪ ಭಿನ್ನವಾದದ್ದು: ಇದು ಮೂಲದ್ದೇ, ಆದರೆ ಕಳವಾಗಿ ಹಿಂದಿರುಗಿದ್ದು.

ವಾವೆಲ್ ಗುಡ್ಡಕ್ಕೆ ಒಂದು ಇಡೀ ಬೆಳಗು ಬೇಕು. ಅರಮನೆಯ ಒಂದೊಂದು ವಿಭಾಗಕ್ಕೂ ಬೇರೆ ಬೇರೆ ಟಿಕೆಟ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಉಂಟು. ಎಲ್ಲವನ್ನೂ ಕೊಳ್ಳುವ ಬದಲು ದರ್ಬಾರು ಕೋಣೆಗಳು ಅಥವಾ ರಾಜಭಂಡಾರ, ಇವೆರಡರಲ್ಲಿ ಒಂದನ್ನು ಆರಿಸಿ. ಮಕ್ಕಳಿದ್ದರೆ ರಾಜಭಂಡಾರವೇ ಆಗಲಿ, ಪೋಲಿಷ್ ಅರಸರ ಪಟ್ಟಾಭಿಷೇಕದಲ್ಲಿ ಬಳಸುತ್ತಿದ್ದ ಶ್ಚೆರ್ಬಿಯೆಟ್ಸ್ ಎಂಬ ಖಡ್ಗ ಅಲ್ಲಿದೆ. ಪಕ್ಕದ ಕ್ಯಾಥೆಡ್ರಲ್‌ನ ಗೋಪುರ ಹತ್ತಿದರೆ 1520ರಲ್ಲಿ ಎರಕ ಹೊಯ್ದ ಸಿಗಿಸ್ಮಂಡ್ ಗಂಟೆಯನ್ನು ಹತ್ತಿರದಿಂದ ನೋಡಬಹುದು. ಗುಡ್ಡದ ಕೆಳಗಿನ ಗುಹೆಯಲ್ಲಿ ಡ್ರ್ಯಾಗನ್ ಇತ್ತೆಂದೂ, ಗಂಧಕ ತುಂಬಿದ ಕುರಿಯನ್ನು ನುಂಗಿ ದಾಹ ತಾಳಲಾರದೆ ವಿಸ್ಟುಲಾ ನದಿಯ ನೀರು ಕುಡಿದು ಕುಡಿದು ಅದು ಬಿರಿದುಹೋಯಿತೆಂದೂ ಕಥೆಯಿದೆ. ಬೇಸಿಗೆಯಲ್ಲಿ ಆ ಗುಹೆಯ ಮೂಲಕವೇ ನದಿತೀರಕ್ಕೆ ಇಳಿಯಬಹುದು, ಹೊರಬಂದೊಡನೆ ಎದುರಿಗಿರುವ ಲೋಹದ ಡ್ರ್ಯಾಗನ್ ಆಗಾಗ ನಿಜವಾದ ಬೆಂಕಿಯನ್ನೇ ಉಗುಳುತ್ತದೆ. ಅರಮನೆಯನ್ನು ಮೊದಲು ಮುಗಿಸಿ ಗುಹೆಯನ್ನು ಕೊನೆಗಿಡಿ, ಮಕ್ಕಳು ತಾಳ್ಮೆಯಿಂದಿರುತ್ತಾರೆ.

ವಿಯೆಲಿಚ್ಕಾ ಗಣಿಗೆ ಕ್ರಾಕೋವ್‌ನ ಮುಖ್ಯ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಗೈಡ್ ಜೊತೆಯಲ್ಲಿಯೇ ಒಳಹೋಗಬೇಕಾದ್ದರಿಂದ ಇಂಗ್ಲಿಷ್ ತಂಡದ ಸಮಯವನ್ನು ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಿ. ಆರಂಭದಲ್ಲಿಯೇ ಮರದ ಮೆಟ್ಟಿಲುಗಳು ಸಣ್ಣ ಸಣ್ಣ ಸುತ್ತುಗಳಲ್ಲಿ ಸುಮಾರು 380 ಬರುತ್ತವೆ, ಇಡೀ ಮಾರ್ಗದಲ್ಲಿ ಒಟ್ಟು 800ರಷ್ಟು. ಗರಿಷ್ಠ ಆಳ 135 ಮೀಟರ್, ವಾಪಸು ಬರುವುದು ಲಿಫ್ಟ್‌ನಲ್ಲಿ. ಮಂಡಿನೋವಿರುವ ಅಜ್ಜ ಅಜ್ಜಿಯರಿದ್ದರೆ ಲಿಫ್ಟ್‌ನಲ್ಲಿಯೇ ಇಳಿಯುವ ವ್ಯವಸ್ಥೆಯ ಬಗ್ಗೆ ಮುಂಚಿತವಾಗಿ ವಿಚಾರಿಸಬೇಕು. ಕೈಗಾಡಿಯಲ್ಲಿ ಕೂರುವ ಕೂಸುಗಳಿದ್ದರೆ ಗಾಡಿ ಬಿಟ್ಟು ಎದೆಗೆ ಕಟ್ಟಿಕೊಳ್ಳುವ ಚೀಲ ತನ್ನಿ. ಬೇಸಿಗೆಯಲ್ಲೂ ಒಳಗೆ ತಂಪಿರುವುದರಿಂದ ಎಲ್ಲರಿಗೂ ಒಂದೊಂದು ಸ್ವೆಟರ್ ಇರಲಿ. ನೆಲಮಟ್ಟದಿಂದ ನೂರು ಮೀಟರ್ ಕೆಳಗಿನ ಸಂತ ಕಿಂಗಾ ಪ್ರಾರ್ಥನಾಮಂದಿರದಲ್ಲಿ ನೆಲ, ಗೋಡೆ, ಉಬ್ಬುಶಿಲ್ಪಗಳೆಲ್ಲ ಉಪ್ಪಿನವೇ, ತೂಗುದೀಪಗಳ ಹರಳುಗಳೂ ಉಪ್ಪೇ. ಕೆತ್ತಿದವರು ಗಣಿ ಕಾರ್ಮಿಕರು. ಬೂದುಬಣ್ಣದ ಗೋಡೆ ಕಲ್ಲಿನಂತೆಯೇ ಕಾಣುತ್ತದೆ. ಮಕ್ಕಳು ಬೆರಳು ತಾಗಿಸಿ ನಾಲಿಗೆಗೆ ಇಟ್ಟುಕೊಂಡು ನೋಡಿದ ಮೇಲೆಯೇ ನಂಬುವುದು.

ಔಷ್ವಿಟ್ಜ್ ಬಗ್ಗೆ ಕುಟುಂಬ ಮಾಡಬೇಕಾದ ತೀರ್ಮಾನ

ಕ್ರಾಕೋವ್‌ನಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಗಂಟೆಯ ಹಾದಿಯಲ್ಲಿ ಓಷ್ವಿಯೆಂಚಿಮ್ ಪಟ್ಟಣವಿದೆ. ಜರ್ಮನ್ ನಾಜಿಗಳು 1940ರಲ್ಲಿ ಅಲ್ಲಿ ತೆರೆದ ಔಷ್ವಿಟ್ಜ್ ಶಿಬಿರದಲ್ಲಿ, 27 ಜನವರಿ 1945ರಂದು ಅದು ಬಿಡುಗಡೆಯಾಗುವವರೆಗೆ, ಸುಮಾರು 11 ಲಕ್ಷ ಜನರನ್ನು ಕೊಂದರು, ಅವರಲ್ಲಿ ಸುಮಾರು ಹತ್ತು ಲಕ್ಷ ಜನ ಯಹೂದಿಗಳು. ಇದು ಪ್ರೇಕ್ಷಣೀಯ ಸ್ಥಳವಲ್ಲ, ಸ್ಮಶಾನ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕರೆತರದಿರುವಂತೆ ಸ್ಮಾರಕದ ಆಡಳಿತವೇ ಸಲಹೆ ನೀಡುತ್ತದೆ, ಆ ಸಲಹೆಯನ್ನು ಮೀರಬಾರದೆಂಬುದು ನನ್ನ ದೃಢ ಅಭಿಪ್ರಾಯ. ಚಿಕ್ಕ ಮಕ್ಕಳಿರುವ ಕುಟುಂಬ ಎರಡು ಗುಂಪಾಗಬಹುದು: ಒಬ್ಬರು ಹದಿಹರೆಯದವರೊಂದಿಗೆ ಔಷ್ವಿಟ್ಜ್‌ಗೆ ಹೋದರೆ ಇನ್ನೊಬ್ಬರು ಚಿಕ್ಕವರೊಂದಿಗೆ ಕ್ರಾಕೋವ್‌ನ ಚೌಕದ ನೆಲದಡಿಯಲ್ಲಿರುವ ಮ್ಯೂಸಿಯಮ್ಮಿನಲ್ಲಿ ಮಧ್ಯಯುಗದ ಮಾರುಕಟ್ಟೆಯ ಅವಶೇಷಗಳನ್ನು ನೋಡಬಹುದು.

ಪ್ರವೇಶಕ್ಕೆ ಶುಲ್ಕವಿಲ್ಲ, ಗೈಡ್ ಸೇವೆಗೆ ಇದೆ. ಆದರೆ ಹೆಸರು ನಮೂದಿಸಿದ ಪ್ರವೇಶಪತ್ರವನ್ನು ಸ್ಮಾರಕದ ಅಧಿಕೃತ ಜಾಲತಾಣದಲ್ಲಿಯೇ ವಾರಗಳ ಮೊದಲು ಕಾಯ್ದಿರಿಸಬೇಕು ಮತ್ತು ಅಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ದೊಡ್ಡ ಚೀಲಗಳನ್ನು ಒಳಗೆ ಬಿಡುವುದಿಲ್ಲ. ಮೂಲ ಶಿಬಿರ ಮತ್ತು ಮೂರು ಕಿಲೋಮೀಟರ್ ಆಚೆಯ ಬಿರ್ಕೆನಾವ್ ಎರಡನ್ನೂ ನೋಡಲು ಮೂರೂವರೆ ಗಂಟೆ ಬೇಕಾಗುತ್ತದೆ, ನಡುವೆ ಉಚಿತ ಬಸ್ಸಿದೆ. ಕೊಲ್ಲಲ್ಪಟ್ಟವರ ಕೂದಲನ್ನು ಇರಿಸಿರುವ ಕೋಣೆಯಲ್ಲಿ ಛಾಯಾಚಿತ್ರ ತೆಗೆಯುವಂತಿಲ್ಲ, ಬೇರೆಡೆಯೂ ಸೆಲ್ಫಿಗೆ ನಿಲ್ಲುವುದು ಸಲ್ಲದು. ಆ ದಿನ ಸಂಜೆಗೆ ಬೇರೇನನ್ನೂ ಇಟ್ಟುಕೊಳ್ಳಬೇಡಿ. ಮಕ್ಕಳು ಕೇಳುವುದನ್ನು ಕೇಳಲಿ, ಮಾತಾಡದಿದ್ದರೆ ಒತ್ತಾಯಿಸಬೇಡಿ.

ವಾರ್ಸಾ: ಮತ್ತೆ ಕಟ್ಟಿದ ಊರು

ವಾರ್ಸಾದ ಹಳೆಯ ಊರನ್ನು ನೋಡಿದ ತಕ್ಷಣ ಕ್ರಾಕೋವ್‌ನಷ್ಟೇ ಹಳೆಯದೆನಿಸುತ್ತದೆ. ಮಕ್ಕಳನ್ನು ಅರಮನೆಯ ಚೌಕದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಲು ಇದೇ ತಕ್ಕ ಜಾಗ. 1944ರ ಆಗಸ್ಟ್ 1ರಂದು ಜರ್ಮನ್ ಆಕ್ರಮಣದ ವಿರುದ್ಧ ಎದ್ದ ನಗರ 63 ದಿನ ಹೋರಾಡಿ ಸೋತಿತು, ಆಮೇಲೆ ಜರ್ಮನರು ಉಳಿದ ಕಟ್ಟಡಗಳನ್ನು ಸಾಲುಸಾಲಾಗಿ ಸ್ಫೋಟಿಸಿದರು. ಹಳೆಯ ಊರಿನ ಶೇಕಡಾ 85ಕ್ಕೂ ಹೆಚ್ಚು ಭಾಗ ನಾಶವಾಗಿತ್ತು. ಅದನ್ನು ಮತ್ತೆ ಕಟ್ಟಿದ ಕೆಲಸವನ್ನೇ ಗೌರವಿಸಿ ಯುನೆಸ್ಕೋ 1980ರಲ್ಲಿ ಈ ಊರನ್ನು ಪಟ್ಟಿಗೆ ಸೇರಿಸಿತು. 1644ರಲ್ಲಿ ನಿಲ್ಲಿಸಿದ ಸಿಗಿಸ್ಮಂಡ್ ರಾಜನ ಸ್ತಂಭ ಚೌಕದ ಮಧ್ಯದಲ್ಲಿದೆ, ಆದರೆ ಅದರ ಕಂಬ ಹೊಸದು. ಮುರಿದ ಹಳೆಯ ಕಂಬಗಳ ತುಂಡುಗಳನ್ನು ಅರಮನೆಯ ಪಕ್ಕದಲ್ಲಿಯೇ ಮಲಗಿಸಿ ಇಟ್ಟಿದ್ದಾರೆ. ಮಕ್ಕಳು ಅವುಗಳ ಮೇಲೆ ಕೈಯಿಟ್ಟು, ಒಡೆದ ಅಂಚನ್ನು ಸವರಿ ನೋಡಲಿ.

ಅರಮನೆಯನ್ನು ಮತ್ತೆ ಕಟ್ಟಿದ್ದು 1971ರ ನಂತರ. ಅಲ್ಲಿ ಬೆರ್ನಾರ್ಡೊ ಬೆಲ್ಲೊಟ್ಟೊ ಎಂಬ ಇಟಲಿಯ ಕಲಾವಿದ ಹದಿನೆಂಟನೆಯ ಶತಮಾನದಲ್ಲಿ ಬರೆದ ವಾರ್ಸಾದ ಬೀದಿಗಳ ಚಿತ್ರಗಳಿಗಾಗಿಯೇ ಒಂದು ಕೋಣೆಯಿದೆ. ಕಿಟಕಿಗಳು, ಸೂರಿನ ಅಂಚುಗಳು, ಚರ್ಚಿನ ಮುಖಗಳವರೆಗೆ ಆತ ಎಷ್ಟು ನಿಖರವಾಗಿ ಬರೆದಿದ್ದನೆಂದರೆ, ಮರುನಿರ್ಮಾಣದ ವಾಸ್ತುಶಿಲ್ಪಿಗಳು ಆ ಚಿತ್ರಗಳನ್ನು ಆಧಾರವಾಗಿ ಬಳಸಿದರು. ಒಂದು ಚಿತ್ರವನ್ನು ಆರಿಸಿಕೊಂಡು ಹತ್ತು ನಿಮಿಷ ಅದರೆದುರು ನಿಂತು, ಬಳಿಕ ಹೊರಗೆ ಹೋಗಿ ಅದೇ ಬೀದಿಯಲ್ಲಿ ಅದೇ ಕಟ್ಟಡಗಳನ್ನು ಗುರುತಿಸುವ ಆಟವನ್ನು ಆಡಿಸಿ. ಇಡೀ ಪ್ರವಾಸದಲ್ಲಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಸಿಗಲಾರದೆಂದು ನನಗನಿಸುತ್ತದೆ.

ದಂಗೆಯ ಮ್ಯೂಸಿಯಮ್ಮಿಗೆ ಅರ್ಧ ದಿನ ಬೇಕು. ಹೋರಾಟಗಾರರು ಓಡಾಡಿದ ಚರಂಡಿಗಳ ಮಾದರಿಯೊಳಗೆ ಬಗ್ಗಿ ನಡೆಯಬಹುದು, ಚಿಕ್ಕ ಮಕ್ಕಳಿಗೆ ಬೇರೆಯದೇ ಕೋಣೆಯಿದೆ. ಪೋಲಿನ್ ಮ್ಯೂಸಿಯಮ್ ದೊಡ್ಡ ಮಕ್ಕಳಿಗೆ ಹೆಚ್ಚು ಸೂಕ್ತ. ಆ ಸುತ್ತಿನಲ್ಲಿ ನಡೆಯುವಾಗ ಪಾದಚಾರಿ ದಾರಿಯ ನೆಲವನ್ನು ಗಮನಿಸುತ್ತಿರಿ: 1940ರಿಂದ 1943ರವರೆಗೆ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದ ಗೋಡೆ ಎಲ್ಲಿ ಹಾದುಹೋಗಿತ್ತೆಂಬುದನ್ನು ಅಲ್ಲಲ್ಲಿ ಲೋಹದ ಪಟ್ಟಿಗಳಿಂದ ಗುರುತಿಸಿದ್ದಾರೆ. ಆಗಸ್ಟ್ 1ರಂದು ನೀವು ಅಲ್ಲಿದ್ದರೆ ಸಂಜೆ ಐದಕ್ಕೆ ಸೈರನ್ ಮೊಳಗುತ್ತದೆ, ವಾಹನಗಳೂ ಜನರೂ ಇದ್ದಲ್ಲೇ ನಿಲ್ಲುತ್ತಾರೆ. ನೀವೂ ನಿಲ್ಲಿ.

ಭಾರತದಿಂದ ಹೋದವರು ಓಹೋಟಾ ಬಡಾವಣೆಯಲ್ಲಿರುವ "ಒಳ್ಳೆಯ ಮಹಾರಾಜನ ಚೌಕ"ಕ್ಕೆ ಅರ್ಧ ಗಂಟೆಯನ್ನಾದರೂ ಕೊಡಬೇಕು. ಸೋವಿಯತ್ ಒಕ್ಕೂಟದಿಂದ ಹೊರಬಂದ ಪೋಲಿಷ್ ಮಕ್ಕಳಿಗೆ ಯುದ್ಧದ ನಡುವೆ ಗುಜರಾತಿನ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರ ನೆನಪಿನದು ಅದು. ಬೇಸಿಗೆಯ ಭಾನುವಾರಗಳಲ್ಲಿ ವಾಝಿಯೆಂಕಿ ಉದ್ಯಾನದಲ್ಲಿ ಸಂಗೀತ ರಚನಕಾರ ಷೋಪಾನ್ ಪ್ರತಿಮೆಯ ಬಳಿ ಉಚಿತ ಪಿಯಾನೋ ಕಛೇರಿ ನಡೆಯುತ್ತದೆ, ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಬಹುದು.

ಊಟದ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ವಾಸಿ. ಹಾಲಿನ ಬಾರ್ ಎಂದು ಕರೆಯುವ ಅಗ್ಗದ ಊಟದ ಮನೆಗಳು ಮೂರೂ ಊರುಗಳಲ್ಲಿವೆ. ಕೌಂಟರಿನಲ್ಲಿ ಹೇಳಿ ಹಣ ಕೊಟ್ಟು ಚೀಟಿ ಪಡೆದು, ಅಡುಗೆಮನೆಯ ಕಿಂಡಿಯಲ್ಲಿ ಕೊಟ್ಟರೆ ತಟ್ಟೆ ಬರುತ್ತದೆ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಮತ್ತು ಗಿಣ್ಣು ತುಂಬಿದ ಪಿಯೆರೋಗಿ ರುಸ್ಕಿಯೆ, ಆಲೂಗಡ್ಡೆಯ ದೋಸೆಯಂಥ ಪ್ಲಾಟ್ಸ್ಕಿ, ಸಿಹಿ ಹೂರಣದ ನಲೆಷ್ನಿಕಿ ಸಿಗುತ್ತವೆ. ಪಿಯೆರೋಗಿಯ ಮೇಲೆ ಹಂದಿಕೊಬ್ಬಿನ ಚೂರುಗಳನ್ನು ಉದುರಿಸುವ ರೂಢಿಯಿದೆ, ಸಾರುಗಳಲ್ಲಿ ಮಾಂಸದ ರಸ ಇರುವುದು ಸಾಮಾನ್ಯ. ಆದ್ದರಿಂದ "ಬೆಜ್ ಮಿಯೆಂಸಾ", ಅಂದರೆ ಮಾಂಸವಿಲ್ಲದ್ದು, ಎಂದು ಮೊದಲೇ ಹೇಳಿ, ಬರೆದೂ ತೋರಿಸಿ.

ಮಾಲ್ಬೋರ್ಕ್ ಮತ್ತು ಗ್ಡಾನ್ಸ್ಕ್

ವಾರ್ಸಾದಿಂದ ಉತ್ತರಕ್ಕೆ ಹೋಗುವ ದಾರಿಯಲ್ಲಿ ಒಂದು ದಿನ ಹೆಚ್ಚಿದ್ದರೆ ಕೊಪರ್ನಿಕಸ್ 1473ರಲ್ಲಿ ಹುಟ್ಟಿದ ಟೊರುನ್‌ನಲ್ಲಿ ತಂಗಬಹುದು. ಯುದ್ಧದಿಂದ ಪಾರಾದ ಊರು ಅದು, ಮಕ್ಕಳು ತಾವೇ ಶುಂಠಿ ರೊಟ್ಟಿ ಬೇಯಿಸುವ ಮ್ಯೂಸಿಯಮ್ ಅಲ್ಲಿದೆ. ದಿನವಿಲ್ಲದಿದ್ದರೆ ನೇರವಾಗಿ ಗ್ಡಾನ್ಸ್ಕ್ ಸೇರಿ, ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಮಾಲ್ಬೋರ್ಕ್ ಕೋಟೆಯನ್ನು ಹಗಲಿನ ಪ್ರವಾಸವಾಗಿ ಮಾಡಿ.

ವಿಸ್ತೀರ್ಣದಲ್ಲಿ ಜಗತ್ತಿನ ಅತಿ ದೊಡ್ಡ ಕೋಟೆಯೆನಿಸಿದ ಮಾಲ್ಬೋರ್ಕ್, ಟ್ಯೂಟಾನಿಕ್ ನೈಟ್ಸ್ ಎಂಬ ಜರ್ಮನ್ ಯೋಧ ಸನ್ಯಾಸಿಗಳು ಇಟ್ಟಿಗೆಯಲ್ಲಿ ಕಟ್ಟಿ, 1309ರಿಂದ ತಮ್ಮ ಕೇಂದ್ರವಾಗಿಸಿಕೊಂಡಿದ್ದ ತಾಣ. 1410ರ ಗ್ರುನ್ವಾಲ್ಡ್ ಯುದ್ಧದಲ್ಲಿ ಸೋತ ಮೇಲೂ ಅವರು ಇದನ್ನು ಉಳಿಸಿಕೊಂಡರು. 1457ರಲ್ಲಿ ಸಂಬಳ ಸಿಗದ ಕೂಲಿ ಸೈನಿಕರು ಕೋಟೆಯನ್ನು ಪೋಲಿಷ್ ರಾಜನಿಗೆ ಮಾರಿಬಿಟ್ಟರು. ಆಡಿಯೋ ಗೈಡ್ ತೆಗೆದುಕೊಂಡು ಮೂರು ಗಂಟೆ ಇಟ್ಟುಕೊಳ್ಳಿ. ನೆಲದ ರಂಧ್ರಗಳಿಂದ ಬಿಸಿಗಾಳಿ ಬಿಟ್ಟು ಸಭಾಂಗಣವನ್ನು ಬೆಚ್ಚಗಿಡುತ್ತಿದ್ದ ವ್ಯವಸ್ಥೆ, ಉದ್ದನೆಯ ಓಣಿಯ ತುದಿಯಲ್ಲಿರುವ ಶೌಚದ ಗೋಪುರ, ಇವೆರಡನ್ನು ಮಕ್ಕಳು ಬಹಳ ಕಾಲ ಮರೆಯುವುದಿಲ್ಲ. 1945ರಲ್ಲಿ ಅರ್ಧದಷ್ಟು ನಾಶವಾದ ಕೋಟೆಯಿದು. ಗೋಡೆಗಳನ್ನು ಹತ್ತಿರದಿಂದ ನೋಡಿದರೆ ಹಳೆಯ ಇಟ್ಟಿಗೆಯ ಬಣ್ಣ ಎಲ್ಲಿ ನಿಂತು ಹೊಸದು ಎಲ್ಲಿ ಆರಂಭವಾಗುತ್ತದೆಂಬುದು ಎಷ್ಟೋ ಕಡೆ ಬರಿಗಣ್ಣಿಗೆ ಕಾಣುತ್ತದೆ. ಹೊರಡುವ ಮೊದಲು ನೊಗಾಟ್ ನದಿಯ ಕಾಲುಸೇತುವೆ ದಾಟಿ ಆಚೆ ದಡದಿಂದ ಇಡೀ ಕೋಟೆಯನ್ನು ನೋಡಿ, ಛಾಯಾಚಿತ್ರಕ್ಕೂ ಅದೇ ಜಾಗ.

ಗ್ಡಾನ್ಸ್ಕ್‌ನಲ್ಲಿ ಮೊದಲ ಸಂಜೆಯನ್ನು ನೆಪ್ಚೂನ್ ಕಾರಂಜಿಯ ಉದ್ದ ಬೀದಿಗೂ, ನದಿದಂಡೆಯ ಮಧ್ಯಯುಗದ ಮರದ ಕ್ರೇನಿಗೂ ಇಟ್ಟುಕೊಂಡರೆ ಸಾಕು. ಸಂತ ಮೇರಿ ಚರ್ಚಿನ ಗೋಪುರಕ್ಕೆ 400ರಷ್ಟು ಮೆಟ್ಟಿಲುಗಳಿವೆ, ಹಿರಿಯರು ಕೆಳಗೆ ಉಳಿದು ಹದಿನೈದನೆಯ ಶತಮಾನದ ಖಗೋಳ ಗಡಿಯಾರವನ್ನು ನೋಡಬಹುದು. ಮರುದಿನ ದೋಣಿಯಲ್ಲೋ ಬಸ್ಸಿನಲ್ಲೋ ವೆಸ್ಟರ್‌ಪ್ಲಾಟೆಗೆ ಹೋಗಿ. 1939ರ ಸೆಪ್ಟೆಂಬರ್ 1ರ ಮುಂಜಾನೆ ಜರ್ಮನ್ ಯುದ್ಧನೌಕೆಯ ಫಿರಂಗಿಗಳು ಗುಂಡು ಸುರಿಸಿದ್ದು ಇಲ್ಲಿಗೆ, ಸುಮಾರು ಇನ್ನೂರು ಪೋಲಿಷ್ ಸೈನಿಕರು ಏಳು ದಿನ ತಡೆದು ನಿಂತದ್ದೂ ಇಲ್ಲೇ. ಬಯಲಿನಲ್ಲಿ ನಡೆಯುವ ಜಾಗವಾದ್ದರಿಂದ ಮಳೆಯಂಗಿ ಜೊತೆಯಲ್ಲಿರಲಿ.

ಹಡಗುಕಟ್ಟೆಯ ಬಳಿಯ ಐರೋಪ್ಯ ಸಾಲಿಡಾರಿಟಿ ಕೇಂದ್ರವನ್ನು ಕೊನೆಯ ದಿನಕ್ಕೆ ಇಡಿ. ಹೊರಗೆ, 1970ರಲ್ಲಿ ಗುಂಡಿಗೆ ಬಲಿಯಾದ ಕಾರ್ಮಿಕರ ಸ್ಮಾರಕವಾದ ಮೂರು ಶಿಲುಬೆಗಳು 42 ಮೀಟರ್ ಎತ್ತರಕ್ಕೆ ನಿಂತಿವೆ. 1980ರ ಆಗಸ್ಟ್‌ನಲ್ಲಿ ಲೆಖ್ ವಲೇಸಾ ಮುಂದಾಳತ್ವದಲ್ಲಿ ಮುಷ್ಕರ ಹೂಡಿದ ಕಾರ್ಮಿಕರು ತಮ್ಮ 21 ಬೇಡಿಕೆಗಳನ್ನು ಮರದ ಹಲಗೆಗಳ ಮೇಲೆ ಕೈಯಲ್ಲಿ ಬರೆದು ತೂಗುಹಾಕಿದರು. ಹಲಗೆಗಳಲ್ಲಿ ಏನು ಕೇಳಿದ್ದರೆಂಬುದನ್ನು ಮಕ್ಕಳೊಂದಿಗೆ ಒಂದೊಂದಾಗಿ ಓದಿ. ಸ್ವತಂತ್ರ ಕಾರ್ಮಿಕ ಸಂಘಟನೆಯ ಹಕ್ಕು, ಮುಷ್ಕರದ ಹಕ್ಕು, ಮಾತಿನ ಸ್ವಾತಂತ್ರ್ಯಗಳ ಜೊತೆಗೆ ಶನಿವಾರದ ರಜೆಯೂ ಅಲ್ಲಿದೆ. ಅಲ್ಲಿಂದ ಹಿಂದಿರುಗುವಾಗ ಮರಿಯಾಟ್ಸ್ಕಾ ಬೀದಿಯಲ್ಲಿ ಅಂಬರ್ ಕೊಳ್ಳುವ ಮನಸ್ಸಿದ್ದರೆ ಪ್ರಮಾಣಪತ್ರ ಕೊಡುವ ಅಂಗಡಿಯಲ್ಲಿಯೇ ಕೊಳ್ಳಿ, ರಸೀದಿಯನ್ನು ಜೋಪಾನವಾಗಿಡಿ. ನಗರದಿಂದ ವಿಮಾನ ನಿಲ್ದಾಣಕ್ಕೆ ರೈಲೂ ಇದೆ, ಬಸ್ಸೂ ಇದೆ.